ಅರವತ್ತು ಮೀಟರ್ ಹಗ್ಗ

ಬಾರ್ಸೆಲೊನೆಟ್ ಫ್ರಾನ್ಸಿನ ದಕ್ಷಿಣ ಆಲ್ಪ್ಸ್‌ನ ಒಂದು ಸಣ್ಣ ಊರು. ಊರ ಪಕ್ಕದ ವಿಮಾನಪಟ್ಟಿ ಸಮುದ್ರಮಟ್ಟದಿಂದ ಸುಮಾರು 1,130 ಮೀಟರ್ ಮೇಲಿದೆ, ಹೆಚ್ಚುಕಡಿಮೆ ನಮ್ಮ ಮಡಿಕೇರಿಯಷ್ಟು. ಆದರೆ ಮಡಿಕೇರಿಯ ರಾಜಾಸೀಟಿನಲ್ಲಿ ನಿಂತವರು ಕಣಿವೆಯನ್ನು ಬಗ್ಗಿ ನೋಡುತ್ತಾರೆ, ಇಲ್ಲಿ ನಿಂತವರು ಕಣಿವೆಯ ತಳದಲ್ಲೇ ಇರುತ್ತಾರೆ. ಕತ್ತೆತ್ತಿದರೆ ಸುತ್ತಲೂ ಮೂರು ಸಾವಿರ ಮೀಟರಿನ ಆಸುಪಾಸಿನ ಬೆಟ್ಟಗಳು. ಬೇಸಿಗೆಯ ಮಧ್ಯಾಹ್ನ ಈ ಪಟ್ಟಿಯ ಒಂದು ತುದಿಯಲ್ಲಿ ಗ್ಲೈಡರುಗಳು ಒಂದೊಂದು ರೆಕ್ಕೆಯನ್ನು ನೆಲಕ್ಕೆ ಊರಿಕೊಂಡು ಸಾಲಾಗಿ ಕಾಯುತ್ತವೆ. ಎಂಜಿನ್ ಇಲ್ಲ, ಹೊಟ್ಟೆಯಡಿ ಇರುವುದು ಒಂದೇ ದೊಡ್ಡ ಚಕ್ರ, ಹಾಗಾಗಿ ನಿಂತಾಗ ಯಾವುದೋ ಒಂದು ಕಡೆಗೆ ವಾಲಲೇಬೇಕು.

ಸಣ್ಣ ಎಂಜಿನ್ ವಿಮಾನವೊಂದು ಮುಂದೆ ಬಂದು ನಿಲ್ಲುತ್ತದೆ. ಅದರ ಬಾಲದಿಂದ ಹಗ್ಗ ನೇತಾಡುತ್ತಿರುತ್ತದೆ. ನೆಲದಲ್ಲಿರುವ ಸಹಾಯಕ ಹಗ್ಗದ ತುದಿಯ ಉಂಗುರವನ್ನು ಗ್ಲೈಡರಿನ ಮೂಗಿನ ಕೊಕ್ಕೆಗೆ ಸಿಕ್ಕಿಸಿ, ಒಮ್ಮೆ ಜಗ್ಗಿ ನೋಡಿ, ಹೋಗಿ ರೆಕ್ಕೆಯ ತುದಿಯನ್ನು ಎತ್ತಿ ಹಿಡಿಯುತ್ತಾನೆ. ಹಗ್ಗ ಬಿಗಿಯಾಗುತ್ತದೆ. ಎರಡೂ ವಿಮಾನ ಓಡತೊಡಗುತ್ತವೆ, ಸಹಾಯಕನೂ ರೆಕ್ಕೆ ಹಿಡಿದು ನಾಲ್ಕು ಹೆಜ್ಜೆ ಓಡಿ ಕೈಬಿಡುತ್ತಾನೆ. ವಿಚಿತ್ರವೆಂದರೆ ಮೊದಲು ನೆಲ ಬಿಡುವುದು ಹಿಂದಿರುವ ಗ್ಲೈಡರು. ಎಳೆಯುವ ವಿಮಾನ ಇನ್ನೂ ಚಕ್ರದ ಮೇಲೆ ಓಡುತ್ತಿರುವಾಗಲೇ ಗ್ಲೈಡರಿನ ಉದ್ದನೆಯ ರೆಕ್ಕೆಗಳು ಗಾಳಿಯನ್ನು ಹಿಡಿದಿರುತ್ತವೆ.

ಗ್ಲೈಡರಿನ ವಿಜ್ಞಾನ ಒಂದೇ ಮಾತಿನದು: ಅದು ಸದಾ ಕೆಳಗಿಳಿಯುತ್ತಲೇ ಇರುತ್ತದೆ. ಒಳ್ಳೆಯ ಗ್ಲೈಡರು ನಿಶ್ಚಲ ಗಾಳಿಯಲ್ಲಿ ಒಂದು ಕಿಲೋಮೀಟರ್ ಇಳಿಯುವಷ್ಟರಲ್ಲಿ ನಲವತ್ತು ಕಿಲೋಮೀಟರ್ ಮುಂದೆ ಹೋಗಿರುತ್ತದೆ, ಇನ್ನೂ ಒಳ್ಳೆಯದಾದರೆ ಐವತ್ತು. ಇಳಿಯುವ ವೇಗ ಸೆಕೆಂಡಿಗೆ ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು. ಅದಕ್ಕಿಂತ ಬೇಗ ಮೇಲೇಳುತ್ತಿರುವ ಗಾಳಿಯನ್ನು ಹುಡುಕಿ ಅದರೊಳಗೆ ಇಳಿಯುತ್ತಾ ಕೂತರೆ ನೆಲ ದೂರವಾಗುತ್ತಾ ಹೋಗುತ್ತದೆ. ಪೈಲಟನ ಇಡೀ ದಿನದ ದುಡಿಮೆ ಈ ಹುಡುಕಾಟವೇ. ಆದರೆ ಹುಡುಕಲು ಶುರುಮಾಡಬೇಕಾದರೂ ಮೊದಲು ಒಂದಷ್ಟು ಎತ್ತರ ಬೇಕಲ್ಲ! ಆ ಮೊದಲ ಬಂಡವಾಳವನ್ನು ಸಾಲವಾಗಿ ಕೊಡುವುದು ಹಗ್ಗ.

ಶುರುವಿನಲ್ಲಿ ಈ ಸಾಲವನ್ನು ಬೆಟ್ಟವೇ ಕೊಡುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಮೇಲೆ ವರ್ಸೈ ಒಪ್ಪಂದ ಎಂಜಿನ್ ವಿಮಾನಗಳ ವಿಚಾರದಲ್ಲಿ ಬಿಗಿಯಾದ ನಿರ್ಬಂಧ ಹೇರಿತು. ಹಾರುವ ಹುಚ್ಚಿದ್ದ ಹುಡುಗರು 1920ರಲ್ಲಿ ರೋನ್ ಪ್ರದೇಶದ ವಾಸರ್‌ಕುಪ್ಪೆ ಎಂಬ ಬೋಳುಬೆಟ್ಟಕ್ಕೆ ತಮ್ಮ ತಮ್ಮ ಗ್ಲೈಡರುಗಳನ್ನು ಹೊತ್ತರು. ಮೂಗಿಗೆ ರಬ್ಬರ್ ಹಗ್ಗ ಕಟ್ಟಿ, ಎರಡು ಕವಲು ಮಾಡಿ, ಒಂದೊಂದನ್ನೂ ನಾಲ್ಕಾರು ಜನ ಹಿಡಿದು ಇಳಿಜಾರಿನಲ್ಲಿ ಓಡುವುದು, ಬಾಲ ಹಿಡಿದವರು ಗಕ್ಕನೆ ಬಿಡುವುದು. ಹುಡುಗರು ಮಾವಿನಕಾಯಿಗೆ ಗುರಿಯಿಡುವ ಕ್ಯಾಟರ್‌ಬಿಲ್ಲಿನ ತಂತ್ರವೇ, ಕಲ್ಲಿನ ಬದಲು ಒಬ್ಬ ಮನುಷ್ಯ. ಹಾರಿ ಕೆಳಗೆ ಇಳಿದ ಮೇಲೆ ಗ್ಲೈಡರನ್ನು ಮತ್ತೆ ಬೆಟ್ಟ ಹತ್ತಿಸಬೇಕು. ಒಂದು ನಿಮಿಷದ ಹಾರಾಟಕ್ಕೆ ಅರ್ಧ ದಿನದ ಕೂಲಿ. 1927ರಲ್ಲಿ ಕಾಸೆಲ್ ನಗರದಲ್ಲಿ ಗ್ಲೈಡರನ್ನು ವಿಮಾನದ ಬಾಲಕ್ಕೆ ಕಟ್ಟಿ ಎಳೆಯುವ ಪ್ರಯೋಗ ನಡೆದದ್ದೇ ಈ ಕಷ್ಟ ತಪ್ಪಿತು. ಹಾರಲು ಇನ್ನು ಬೆಟ್ಟ ಬೇಕಾಗಿರಲಿಲ್ಲ. ಹಾಗಿದ್ದೂ ಗ್ಲೈಡರುಗಳು ಬೆಟ್ಟವನ್ನು ಬಿಡಲಿಲ್ಲ. ಏರುವ ಗಾಳಿ ಹೇರಳವಾಗಿ ಇರುವುದು ಅಲ್ಲೇ.

ಬೆಟ್ಟ ಗಾಳಿಯನ್ನು ಎಬ್ಬಿಸುವ ಸರಳ ಬಗೆ ನಮಗೆ ಹೊಸದಲ್ಲ. ಜೂನ್ ತಿಂಗಳಲ್ಲಿ ಅರಬ್ಬಿ ಸಮುದ್ರದಿಂದ ಬರುವ ಗಾಳಿಗೆ ಪಶ್ಚಿಮಘಟ್ಟ ಅಡ್ಡ ನಿಲ್ಲುತ್ತದೆ, ದಾರಿಯಿಲ್ಲದೆ ಗಾಳಿ ಮೇಲೇರುತ್ತದೆ, ಏರಿದ್ದು ತಣಿದು ಆಗುಂಬೆಯಲ್ಲಿ ಮಳೆಯಾಗುತ್ತದೆ. ಮಳೆಯನ್ನು ಕಳೆದು ಏರುವಿಕೆಯನ್ನಷ್ಟೇ ಉಳಿಸಿಕೊಂಡರೆ ಅದು ಗ್ಲೈಡರಿಗೆ ಬೇಕಾದ ಗಾಳಿ. ಇದಕ್ಕೆ ಬಿಸಿಲಿನ ಲೆಕ್ಕವೂ ಸೇರುತ್ತದೆ. ಬೆಳಿಗ್ಗೆ ಪೂರ್ವಕ್ಕೆ ಮುಖಮಾಡಿದ ಬಂಡೆಗಳು ಮೊದಲು ಕಾಯುತ್ತವೆ, ಇಳಿಹೊತ್ತಿನಲ್ಲಿ ಪಶ್ಚಿಮದವು. ಕಾದ ಬಂಡೆಯ ಮೈಗುಂಟ ಬಿಸಿಗಾಳಿ ಹತ್ತುತ್ತದೆ. ಆಲ್ಪ್ಸ್‌ನ ಪೈಲಟರು ದಿನವಿಡೀ ಬೆಟ್ಟದ ಯಾವ ಮಗ್ಗುಲಿಗೆ ಬಿಸಿಲು ಬಿದ್ದಿದೆಯೆಂದು ನೋಡಿಕೊಂಡೇ ಸುತ್ತುತ್ತಾರೆ. ಇಳಿಜಾರಿನ ಹತ್ತಿರ ಹಾರುವಾಗ ಅವರಿಗೊಂದು ಕಟ್ಟುನಿಟ್ಟಿನ ಪದ್ಧತಿಯಿದೆ: ಯಾವಾಗ ತಿರುಗಿದರೂ ಬೆಟ್ಟಕ್ಕೆ ಬೆನ್ನುಮಾಡಿ, ಕಣಿವೆಯ ಕಡೆಗೇ ತಿರುಗಬೇಕು. ಎದುರುಬದುರು ಬಂದಾಗ ಬೆಟ್ಟ ಯಾರ ಬಲಕ್ಕಿದೆಯೋ ಅವರಿಗೆ ದಾರಿ, ಎಡಕ್ಕಿರುವವನು ಕಣಿವೆಯ ಕಡೆ ಸರಿಯಬೇಕು. ಬಲಗಡೆ ಬೆಟ್ಟವಿರುವವನಿಗೆ ಸರಿಯಲು ಜಾಗವೇ ಇಲ್ಲವಲ್ಲ, ಅದಕ್ಕೆ.

ಈಗ ಮತ್ತೆ ಹಗ್ಗಕ್ಕೆ ಬರೋಣ. ಅದರ ಉದ್ದ ಐವತ್ತರಿಂದ ಅರವತ್ತು ಮೀಟರ್. ಎಳೆಯುವ ವೇಗ ಗಂಟೆಗೆ ಸುಮಾರು 110 ಕಿಲೋಮೀಟರ್, ಅಂದರೆ ಸೆಕೆಂಡಿಗೆ ಮೂವತ್ತು ಮೀಟರ್. ಭಾಗಿಸಿ ನೋಡಿದರೆ ಎರಡು ಸೆಕೆಂಡ್ ಬರುತ್ತದೆ. ಮುಂದಿನ ವಿಮಾನಕ್ಕೆ ಈಗ ಆಗಿದ್ದು ಹಿಂದಿನ ಗ್ಲೈಡರಿಗೆ ಎರಡು ಸೆಕೆಂಡ್ ಕಳೆದು ಆಗುತ್ತದೆ. ಬಯಲಿನಲ್ಲಿ ಈ ಎರಡು ಸೆಕೆಂಡು ಲೆಕ್ಕಕ್ಕೇ ಬರುವುದಿಲ್ಲ. ಬೆಟ್ಟದಲ್ಲಿ ಒಂದು ಕೋಡಿನ ಈಚೆಗೆ ಗಾಳಿ ಏರುತ್ತಿದ್ದರೆ ಆಚೆಗೆ ಬೀಳುತ್ತಿರುತ್ತದೆ. ಮುಂದಿನ ವಿಮಾನ ಬೀಳುವ ಗಾಳಿಗೆ ಹೊಕ್ಕಾಗ ಹಿಂದಿನದು ಇನ್ನೂ ಏರುವ ಗಾಳಿಯಲ್ಲಿದೆ. ಒಬ್ಬ ಕುಸಿಯುತ್ತಿದ್ದಾನೆ, ಇನ್ನೊಬ್ಬ ಚಿಮ್ಮುತ್ತಿದ್ದಾನೆ, ನಡುವೆ ಹಗ್ಗ.

ತೇರಿನ ಮಿಣಿಗೆ ಕೈಹಾಕಿದವರಿಗೆಲ್ಲ ಗೊತ್ತು, ಹಗ್ಗ ಎಳೆಯುತ್ತದೆಯೇ ಹೊರತು ತಳ್ಳುವುದಿಲ್ಲ. ಇಳಿಜಾರಿನಲ್ಲಿ ತೇರು ಎಳೆಯುವವರಿಗಿಂತ ಜೋರಾಗಿ ಉರುಳಿಬಂದರೆ ಮಿಣಿ ಸಡಿಲಾಗಿ ಕಾಲಿಗೆ ತೊಡರುತ್ತದೆ. ಆಕಾಶದಲ್ಲೂ ಇದೇ ಕತೆ. ಗ್ಲೈಡರಿನ ವೇಗ ಮುಂದಿನ ವಿಮಾನದ್ದಕ್ಕಿಂತ ಕ್ಷಣಕಾಲ ಹೆಚ್ಚಾದರೆ ಸಾಕು, ಹಗ್ಗ ಬಿಲ್ಲಿನಂತೆ ಜೋತುಬೀಳುತ್ತದೆ. ಜೋತುಬಿದ್ದದ್ದರಲ್ಲಿ ಅಪಾಯ ಕಡಿಮೆ, ಅದು ಮತ್ತೆ ಫಟಾರನೆ ಬಿಗಿಯುವಾಗ ಬೀಳುವ ಪೆಟ್ಟೇ ಕೆಟ್ಟದ್ದು. ನುರಿತ ಪೈಲಟ್ ಗ್ಲೈಡರನ್ನು ತುಸು ಅಡ್ಡಡ್ಡ ಜಾರಿಸಿ ವೇಗ ಕಳೆದುಕೊಳ್ಳುತ್ತಾನೆ. ಹಗ್ಗ ಬಿಗಿಯುವ ಘಳಿಗೆಗೆ ಸರಿಯಾಗಿ ಮೂಗನ್ನು ಒಂದಿಷ್ಟು ತಗ್ಗಿಸಿ ಮುಂದಿನವನ ವೇಗಕ್ಕೆ ಹೊಂದಿಕೊಳ್ಳುತ್ತಾನೆ. ಅದೂ ಸಾಲದಿದ್ದರೆ ಎಂದು ಹಗ್ಗಕ್ಕೆ ಬೇಕೆಂದೇ ಒಂದು ದುರ್ಬಲ ಕೊಂಡಿ ಹಾಕಿರುತ್ತಾರೆ. ನಡು ಸಣ್ಣಗೆ ಕೊರೆದ ಲೋಹದ ತುಂಡು, ನಮ್ಮ ಮನೆಯ ಫ್ಯೂಸಿನ ಹಾಗೆ. ಬಣ್ಣ ನೋಡಿದರೆ ಬಲ ತಿಳಿಯುತ್ತದೆ: ಬಿಳಿಯದು ಸುಮಾರು 500 ಕಿಲೋ ಸೆಳೆತಕ್ಕೆ ತುಂಡಾಗುತ್ತದೆ, ನೀಲಿ 600ಕ್ಕೆ, ಕೆಂಪು 750ಕ್ಕೆ. ಯಾವ ಗ್ಲೈಡರಿಗೆ ಯಾವ ಬಣ್ಣವೆಂದು ಅದರ ಕೈಪಿಡಿಯಲ್ಲೇ ಬರೆದಿರುತ್ತದೆ.

ಆದರೆ ಈ ಫ್ಯೂಸು ಕೈಕೊಡುವ ಒಂದು ಸಂದರ್ಭವಿದೆ, ಗ್ಲೈಡರ್ ಜಗತ್ತಿನಲ್ಲಿ ಎಲ್ಲರೂ ಹೆದರುವ ಸಂದರ್ಭ ಅದು. ಎಳೆಸಿಕೊಳ್ಳುತ್ತಿರುವ ಗ್ಲೈಡರು ಮುಂದಿನ ವಿಮಾನಕ್ಕಿಂತ ತೀರ ಮೇಲೆ ಹೋಯಿತು ಎಂದುಕೊಳ್ಳಿ. ಪೈಲಟ್ ಕ್ಷಣಕಾಲ ನಕಾಶೆಯ ಕಡೆ ನೋಡಿದ, ಇಲ್ಲವೇ ಏರುವ ಗಾಳಿ ಒಮ್ಮೆಗೇ ಎತ್ತಿತು. ಹಗ್ಗ ಈಗ ವಿಮಾನದ ಬಾಲವನ್ನು ಹಿಂದಕ್ಕಲ್ಲ, ಮೇಲಕ್ಕೆ ಜಗ್ಗುತ್ತದೆ. ಬಾಲ ಎದ್ದರೆ ಮೂಗು ನೆಲಕ್ಕೆ ತಿರುಗುತ್ತದೆ. ಮುಂದಿನ ಪೈಲಟ್ ಕೋಲನ್ನು ಹೊಟ್ಟೆಗೆ ತಾಗುವಷ್ಟು ಹಿಂದಕ್ಕೆಳೆದರೂ ಬಾಲ ಇಳಿಯುವುದಿಲ್ಲ. ಮೂಗು ಇಳಿದಷ್ಟೂ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದಷ್ಟೂ ಗ್ಲೈಡರು ಗಾಳಿಪಟದಂತೆ ಇನ್ನಷ್ಟು ಮೇಲೇಳುತ್ತದೆ. ಬಾಲವನ್ನು ಎತ್ತಲು ಬೇಕಾದ ಬಲ ದುರ್ಬಲ ಕೊಂಡಿ ಮುರಿಯಲು ಬೇಕಾದದ್ದಕ್ಕಿಂತ ಎಷ್ಟೋ ಕಡಿಮೆ, ಆದ್ದರಿಂದ ಕೊಂಡಿ ಸುಮ್ಮನೆ ಗಟ್ಟಿಯಾಗಿ ಕೂತಿರುತ್ತದೆ. ಬ್ರಿಟನ್ನಿನ ತರಬೇತುದಾರರು ಸಾಕಷ್ಟು ಎತ್ತರದಲ್ಲಿ ಇದನ್ನು ಬೇಕೆಂದೇ ಮಾಡಿನೋಡಿದಾಗ ಎಲ್ಲವೂ ಎರಡು ಮೂರು ಸೆಕೆಂಡಿನಲ್ಲಿ ಮುಗಿದುಹೋಗುತ್ತಿತ್ತು. ಗ್ಲೈಡರಿನ ಹೊಟ್ಟೆಯಡಿಯ ಕೊಕ್ಕೆಗೆ ಹಗ್ಗ ಕಟ್ಟಿದ್ದರೆ ಈ ಅಪಾಯ ಹೆಚ್ಚು. ಆ ಕೊಕ್ಕೆ ನೆಲದ ರಾಟೆಯಿಂದ ಎಳೆಸಿಕೊಂಡು ಕಡಿದಾಗಿ ಏರಲೆಂದೇ ಇಟ್ಟದ್ದು. ಮೂಗಿನ ಕೊಕ್ಕೆ ಗ್ಲೈಡರನ್ನು ಹಗ್ಗದ ದಿಕ್ಕಿಗೇ ತಂದು ನಿಲ್ಲಿಸಲು ನೋಡುತ್ತದೆ.

ಇಂಥ ಅವಘಡದಲ್ಲಿ ತಪ್ಪು ಹಿಂದಿನವನದು, ಜೀವ ಹೋಗುವುದು ಮುಂದಿನವನದು. ನೆಲದಿಂದ ನೂರಿನ್ನೂರು ಮೀಟರ್ ಎತ್ತರದಲ್ಲಿ ಮೂಗು ಕೆಳಗಾದರೆ ಸರಿಪಡಿಸಿಕೊಳ್ಳಲು ಜಾಗವಿರುವುದಿಲ್ಲ. ಗ್ಲೈಡರಿನವನು ಹಗ್ಗ ಕಳಚಿಕೊಂಡು ಹಾಯಾಗಿ ಬಂದಿಳಿದ ಉದಾಹರಣೆಗಳಿವೆ. ಅದಕ್ಕೇ ಕಲಿಯುವವರಿಗೆ ಮೊದಲ ದಿನದಿಂದ ಹೇಳಿಕೊಡುವುದು ಒಂದೇ: ಮುಂದಿನ ವಿಮಾನ ಕಣ್ಣಿಗೆ ಕಾಣದಂತಾದ ಆ ಕ್ಷಣವೇ ಹಳದಿ ಗುಂಡಿ ಎಳೆ. ಯೋಚಿಸಬೇಡ. ಗ್ಲೈಡರಿನಲ್ಲಿ ಹಗ್ಗ ಬಿಡುವ ಗುಂಡಿ ಸಾಮಾನ್ಯವಾಗಿ ಹಳದಿಯೇ.

ಇಬ್ಬರ ನಡುವೆ ರೇಡಿಯೋ ಇರುತ್ತದೆ, ಆದರೂ ಹಳೆಯ ಸನ್ನೆಗಳನ್ನು ಯಾರೂ ಕೈಬಿಟ್ಟಿಲ್ಲ. ಮುಂದಿನ ವಿಮಾನ ರೆಕ್ಕೆಗಳನ್ನು ಅತ್ತಿತ್ತ ತೂಗಿದರೆ 'ತಕ್ಷಣ ಹಗ್ಗ ಬಿಡು' ಎಂದರ್ಥ. ಬಾಲದ ಚುಕ್ಕಾಣಿಯನ್ನಷ್ಟೇ ಅಲ್ಲಾಡಿಸಿದರೆ 'ನಿನ್ನ ಏರ್‌ಬ್ರೇಕ್ (ಗ್ಲೈಡರನ್ನು ಬೇಗ ಇಳಿಸುವ ರೆಕ್ಕೆಯ ಫಲಕ) ತೆರೆದಿದೆ, ನೋಡಿಕೋ' ಎಂದು. ಎರಡನೆಯದನ್ನು ಮೊದಲನೆಯದೆಂದು ತಿಳಿದು, ಏರ್‌ಬ್ರೇಕ್ ತೆರೆದುಕೊಂಡೇ ಹಗ್ಗ ಬಿಟ್ಟು ನೆಲಕ್ಕೆ ಬಿದ್ದವರಿದ್ದಾರೆ. ನನಗನ್ನಿಸುವಂತೆ ಸನ್ನೆಗಳನ್ನು ಗೊತ್ತುಮಾಡಿದವರು ಎರಡನ್ನೂ ಇನ್ನಷ್ಟು ಬೇರೆಬೇರೆಯಾಗಿ ಇಡಬಹುದಿತ್ತು. ಗಾಬರಿಯಲ್ಲಿರುವವನಿಗೆ ಕುಲುಕಾಟವೆಲ್ಲ ಒಂದೇ ತರ ಕಾಣುತ್ತದೆ.

ಬೆಟ್ಟದ ನಾಡಿನಲ್ಲಿ ಈ ಎಲ್ಲದರ ಮೇಲೆ ಇನ್ನೊಂದಿಷ್ಟು ತಾಪತ್ರಯ. ಎರಡು ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ್ದಕ್ಕಿಂತ ಸುಮಾರು ಶೇ. 18ರಷ್ಟು ಕಡಿಮೆ, ಬಿಸಿಲಿದ್ದರೆ ಮತ್ತೂ ಕಡಿಮೆ. ರೆಕ್ಕೆಗೆ ಆಸರೆ ಸಾಲದು, ಪ್ರೊಪೆಲ್ಲರಿಗೆ ಹಿಡಿತ ಸಾಲದು, ಎಂಜಿನ್ನಿಗೆ ಉಸಿರು ಸಾಲದು. ರೋಬಿನ್ ಡಿಆರ್400, ಪೈಪರ್ ಪಾನಿಯಂಥ 180ರಿಂದ 235 ಅಶ್ವಶಕ್ತಿಯ ವಿಮಾನಗಳೇ ಬಹಳ ಕಡೆ ಈ ದುಡಿಮೆಗಿರುವುದು. ಪಾನಿ ಹುಟ್ಟಿದ್ದು ಹೊಲಗಳಿಗೆ ಔಷಧಿ ಸಿಂಪಡಿಸಲು, ನಿಧಾನವಾಗಿ ಭಾರ ಹೊರುವ ಎತ್ತಿನ ಸ್ವಭಾವ ಅದರದು. ಒಳ್ಳೆಯ ಗಾಳಿಯಲ್ಲಿ ಗ್ಲೈಡರನ್ನು ಎಳೆದುಕೊಂಡು ಸೆಕೆಂಡಿಗೆ ಮೂರು ಮೀಟರ್ ಏರಿದರೆ ಹೆಚ್ಚು. ಬೆಟ್ಟದ ಗಾಳಿಮರೆಯಲ್ಲಿ ಐದು ಮೀಟರ್ ವೇಗದಲ್ಲಿ ಬೀಳುವ ಗಾಳಿ ಸಿಕ್ಕಿತೋ, ಎಂಜಿನ್ ಪೂರ್ತಿ ಬೊಬ್ಬಿರಿಯುತ್ತಿದ್ದರೂ ಇಬ್ಬರೂ ಕೂಡಿಯೇ ಇಳಿಯುತ್ತಾರೆ.

ಕಣ್ಣೂ ಮೋಸ ಮಾಡುತ್ತದೆ. ಬಯಲಿನಲ್ಲಿ ಪೈಲಟ್ ದಿಗಂತವನ್ನು ನೋಡಿ ಮೂಗಿನ ಎತ್ತರ ಗೊತ್ತುಮಾಡುತ್ತಾನೆ. ಕಣಿವೆಯೊಳಗೆ ದಿಗಂತವೆಲ್ಲಿದೆ? ಬೆಟ್ಟದ ನೆತ್ತಿಯ ಗೆರೆಯನ್ನೇ ದಿಗಂತವೆಂದು ಮನಸ್ಸು ನಂಬಿಬಿಡುತ್ತದೆ. ಆ ಗೆರೆ ನಿಜದ ದಿಗಂತಕ್ಕಿಂತ ಮೇಲಿದೆ. ಅದಕ್ಕೆ ಸರಿಯಾಗಿ ಮೂಗು ಹಿಡಿದರೆ ವಿಮಾನ ತಿಳಿಯದಂತೆ ಮುಖವೆತ್ತಿ ವೇಗ ಕಳೆದುಕೊಳ್ಳುತ್ತದೆ. ಅದಕ್ಕೇ ಎಳೆಸಿಕೊಳ್ಳುವವನು ದೂರದ ಬೆಟ್ಟವನ್ನು ಬಿಟ್ಟು ಮುಂದಿನ ವಿಮಾನವನ್ನೇ ಅಳತೆಗೋಲು ಮಾಡಿಕೊಳ್ಳುತ್ತಾನೆ. ಅದರ ಬಾಲದ ರೆಕ್ಕೆ ಮುಂದಿನ ರೆಕ್ಕೆಯ ಯಾವ ಜಾಗಕ್ಕೆ ಬಂದು ನಿಂತಿದೆ ಎಂಬುದರ ಮೇಲೆ ತಾನು ಮೇಲಿದ್ದೇನೋ ಕೆಳಗಿದ್ದೇನೋ ತಿಳಿಯುತ್ತದೆ. ತಿರುವಿನಲ್ಲಿ ಮೂಗನ್ನು ಅದರ ಹೊರಬದಿಯ ರೆಕ್ಕೆಯ ತುದಿಗೆ ಗುರಿಯಿಡುತ್ತಾನೆ. ಹಾಗಿಟ್ಟರೆ ಇಬ್ಬರ ಸುತ್ತೂ ಒಂದೇ ಆಗುತ್ತದೆ. ಮುಂದಿನ ಪೈಲಟನಿಗೋ ಬೇರೆಯೇ ಲೆಕ್ಕ. ಈ ಕ್ಷಣ ಹಗ್ಗ ತುಂಡಾದರೆ ಹಿಂದಿನವನು ಎಲ್ಲಿ ಇಳಿದಾನು? ಈ ಕಣಿವೆ ಮುಂದೆ ಇಕ್ಕಟ್ಟಾದರೆ ಹಿಂತಿರುಗಲು ಅಗಲವಿದೆಯೇ? ಮರದ ದಿಮ್ಮಿ ಸಾಗಿಸಲು ಕಣಿವೆಗೆ ಅಡ್ಡಲಾಗಿ ಕಟ್ಟಿದ ಉಕ್ಕಿನ ತಂತಿ ಎಲ್ಲಾದರೂ ಇದೆಯೇ? ಬಿಸಿಲು ಬಿದ್ದ ಇಳಿಜಾರಿನ ಮೇಲೆ ಸರಿಯಾದ ಜಾಗಕ್ಕೆ ತಂದು ಬಿಟ್ಟರೆ ಗ್ಲೈಡರಿನವನ ಅರ್ಧ ಕೆಲಸ ಮುಗಿದಂತೆಯೇ. ದಾಖಲೆ ಮಾಡಿದವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ಅಲ್ಲಿಗೆ ತಂದುಬಿಟ್ಟವನದು ಬರುವುದಿಲ್ಲ.

ಇಷ್ಟೆಲ್ಲ ಗಾಳಿಗೆ ಎದುರಾದ ಮಗ್ಗುಲಿನ ಮಾತಾಯಿತು. ಗ್ಲೈಡರುಗಳು ಅತಿ ಎತ್ತರಕ್ಕೆ ಏರಿದ್ದು ಅಲ್ಲಲ್ಲ, ಎಲ್ಲರೂ ದೂರವಿರಿ ಎನ್ನುತ್ತಿದ್ದ ಗಾಳಿಮರೆಯಲ್ಲಿ.

ಹೊಳೆಯ ನೀರಿನಡಿ ಬಂಡೆಯಿದ್ದರೆ ನೀರು ಅದನ್ನು ಹತ್ತಿಳಿದ ಮೇಲೂ ಸುಮ್ಮನಾಗುವುದಿಲ್ಲ. ಬಂಡೆಯಿಂದ ಕೆಳಕ್ಕೆ ಒಂದರ ಹಿಂದೊಂದು ಅಲೆಗಳು ಏಳುತ್ತವೆ. ನೀರು ಓಡುತ್ತಿರುತ್ತದೆ, ಅಲೆ ಮಾತ್ರ ನಿಂತಲ್ಲೇ ನಿಂತಿರುತ್ತದೆ. ಪರ್ವತ ದಾಟಿದ ಗಾಳಿಯೂ ಹೀಗೇ. ಮೇಲೆ ನೂಕಿಸಿಕೊಂಡ ಗಾಳಿ ತಣಿದು ಸುತ್ತಲಿನದಕ್ಕಿಂತ ಭಾರವಾಗುತ್ತದೆ, ಕೆಳಗಿಳಿಯುತ್ತದೆ, ಇಳಿಯುವ ರಭಸಕ್ಕೆ ತನ್ನ ಮಟ್ಟವನ್ನೂ ದಾಟಿ ಇನ್ನೂ ಕೆಳಗೆ ಹೋಗುತ್ತದೆ, ಬಿಸಿಯಾಗಿ ಹಗುರಾಗಿ ಮತ್ತೆ ಏಳುತ್ತದೆ. ಒಂದು ಏಳುಬೀಳಿಗೆ ಸುಮಾರು ಹತ್ತು ನಿಮಿಷ. ಗಾಳಿಯ ವೇಗ ಗಂಟೆಗೆ 60 ಕಿಲೋಮೀಟರ್ ಇದ್ದರೆ ಆ ಹತ್ತು ನಿಮಿಷದಲ್ಲಿ ಅದು ಹತ್ತು ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಅಂದರೆ ಅಲೆಯಿಂದ ಅಲೆಗೆ ಹತ್ತು ಕಿಲೋಮೀಟರ್. ಅಲೆಯ ನೆತ್ತಿಯಲ್ಲಿ ತೇವವಿದ್ದರೆ ನುಣ್ಣನೆಯ ಮಸೂರದಂಥ ಮೋಡ ಕಟ್ಟುತ್ತದೆ. ಬಿರುಗಾಳಿ ಬೀಸುತ್ತಿದ್ದರೂ ಅದು ಕದಲುವುದಿಲ್ಲ. ಒಂದು ಅಂಚಿನಲ್ಲಿ ಹುಟ್ಟುತ್ತಾ ಇನ್ನೊಂದು ಅಂಚಿನಲ್ಲಿ ಕರಗುತ್ತಾ ಇರುತ್ತದೆ.

ಆಗ ಜರ್ಮನಿಯಲ್ಲಿದ್ದ ಸಿಲೇಸಿಯಾದಲ್ಲಿ, ರೀಸೆನ್‌ಗೆಬಿರ್ಗೆ ಬೆಟ್ಟಸಾಲಿನ ಹಿಂದೆ ಇಂಥದೊಂದು ಮೋಡ ಆಗಾಗ ನಿಲ್ಲುತ್ತಿತ್ತು. ಊರವರು ಅದಕ್ಕೆ ಗಾಟ್ಲೀಬ್ ಎಂಬ ರೈತನ ಹೆಸರನ್ನು ತಮ್ಮ ಆಡುನುಡಿಯಲ್ಲಿ ತಿರುಚಿ 'ಮೋಆಟ್ಸಾಗೋಟ್ಲ್' ಎನ್ನುತ್ತಿದ್ದರು. 1933ರಲ್ಲಿ ಗ್ರೂನಾವ್‌ನ ಗ್ಲೈಡರ್ ಶಾಲೆಯ ವೋಲ್ಫ್ ಹಿರ್ಟ್, ಬೈಕ್ ಅಪಘಾತದಲ್ಲಿ ಕಾಲು ಕಳೆದುಕೊಂಡು ಮರಗಾಲಿನಲ್ಲೇ ಹಾರುತ್ತಿದ್ದ ಆಸಾಮಿ, ಗಾಳಿಮರೆಯಲ್ಲಿ ಬೀಳುವ ಬದಲು ಏರತೊಡಗಿದಾಗ ಈ ಮೋಡದ ಗುಟ್ಟು ಬಯಲಾಯಿತು. ತನ್ನ ಮುಂದಿನ ಗ್ಲೈಡರಿಗೆ ಅವನು ಮೋಡದ ಹೆಸರನ್ನೇ ಇಟ್ಟ. ಅದರ ಚಿಕ್ಕ ತಂಗಿಯೇ ಹೆಸರುವಾಸಿಯಾದ 'ಮಿನಿಮೋಆ'. ನಾಲ್ಕು ವರ್ಷದ ಮೇಲೆ ಯೋಆಕಿಮ್ ಕುಟ್ನರ್ ಎಂಬ ಹವಾಮಾನ ವಿದ್ಯಾರ್ಥಿ ಅದೇ ಅಲೆಯಲ್ಲಿ, ಮುಚ್ಚಿಗೆಯೇ ಇಲ್ಲದ ಗ್ರೂನಾವ್ ಬೇಬಿ ಗ್ಲೈಡರಿನಲ್ಲಿ, ಆರು ಸಾವಿರ ಮೀಟರಿಗೂ ಮೇಲೇರಿದ. ಅಲೆಗಳ ನಕ್ಷೆ ಬರೆದು ಅದನ್ನೇ ಪ್ರಬಂಧ ಮಾಡಿದ. ಯುದ್ಧದ ನಂತರ ಅಮೆರಿಕಕ್ಕೆ ಹೋದ ಕುಟ್ನರ್ ಮುಂದೆ ಮೊದಲ ಅಮೆರಿಕನ್ನನನ್ನು ಬಾಹ್ಯಾಕಾಶಕ್ಕೆ ಕಳಿಸಿದ ಮರ್ಕ್ಯುರಿ-ರೆಡ್‌ಸ್ಟೋನ್ ಯೋಜನೆಯ ಹೊಣೆ ಹೊತ್ತವನು.

ಅಲೆಯೊಳಗೆ ಹೊಕ್ಕ ಮೇಲೆ ಗಾಳಿ ಎಣ್ಣೆ ಸವರಿದಂತೆ ನುಣುಪು. ಮಾಪಕದ ಮುಳ್ಳು ಸೆಕೆಂಡಿಗೆ ಐದು ಮೀಟರ್ ಏರಿಕೆ ತೋರಿಸುತ್ತಾ ಅಲುಗದೆ ನಿಲ್ಲುತ್ತದೆ. ಗಾಳಿಯ ವೇಗಕ್ಕೆ ಸರಿಯಾಗಿ ಎದುರುಮುಖ ಹಾರಿದರೆ ಕೆಳಗಿನ ಊರೂ ಅಲುಗುವುದಿಲ್ಲ. ಆದರೆ ಅಲೆಯ ಬುಡದಲ್ಲಿ, ಬೆಟ್ಟದ ನೆತ್ತಿಯ ಮಟ್ಟದಲ್ಲಿ, ಗಾಳಿ ಒರಳಿನಲ್ಲಿ ಹಿಟ್ಟು ತಿರುವಿದಂತೆ ಸುತ್ತುತ್ತಿರುತ್ತದೆ. ಅದಕ್ಕೆ ರೋಟರ್ ಎನ್ನುತ್ತಾರೆ. ನುಣುಪಿಗೆ ಹೋಗುವ ದಾರಿ ಇದರ ಮೂಲಕವೇ, ಅದೂ ಹಗ್ಗದ ಮೇಲೆ. ಮುಂದಿನ ವಿಮಾನ ಒಮ್ಮೆ ಕಿಟಕಿಯ ಮೇಲಂಚಿಗೆ ಹಾರುತ್ತದೆ, ಮರುಕ್ಷಣ ಮೂಗಿನಡಿ ಮಾಯ. ಹಗ್ಗ ಹಾವಿನಂತೆ ಸುರುಳಿಯಾಗುತ್ತದೆ, ಬಿಗಿಯುತ್ತದೆ. ಮೇಲೆ ಹೇಳಿದ ಎರಡು ಸೆಕೆಂಡಿನ ಕಷ್ಟವೆಲ್ಲ ಇಲ್ಲಿ ನಿಮಿಷಕ್ಕೆ ಹತ್ತು ಸಲ.

ಕ್ಯಾಲಿಫೋರ್ನಿಯಾದ ಓವೆನ್ಸ್ ಕಣಿವೆಯ ಪಶ್ಚಿಮಕ್ಕೆ ಸಿಯೆರಾ ನೆವಾಡ ಗೋಡೆಯಂತೆ ನಿಂತಿದೆ. ಅದರ ಅತಿ ಎತ್ತರದ ಶಿಖರ ವಿಟ್ನಿ 4,421 ಮೀಟರ್. ಅದರ ಹಿಂದಿನ ಅಲೆ ಎಷ್ಟು ಬಲಿಷ್ಠವೆಂದರೆ 1950ರಲ್ಲಿ ಬಾಬ್ ಸೈಮನ್ಸ್ ಎಂಬ ಪೈಲಟ್ ಟನ್‌ಗಟ್ಟಲೆ ತೂಗುವ ಪಿ-38 ಯುದ್ಧವಿಮಾನದ ಎರಡೂ ಎಂಜಿನ್ ನಿಲ್ಲಿಸಿ ಗ್ಲೈಡರಿನಂತೆ ಮೇಲೇರಿದ. 1951-52ರಲ್ಲಿ ಬಿಷಪ್ ಊರಿನಿಂದ ವಿಜ್ಞಾನಿಗಳು ಈ ಅಲೆಯನ್ನು ಅಳೆದರು. 1952ರ ಮಾರ್ಚಿನಲ್ಲಿ ಲ್ಯಾರಿ ಎಡ್ಗರ್, ಹೆರಾಲ್ಡ್ ಕ್ಲೀಫೋರ್ತ್ ಇಬ್ಬರೂ ಒಂದೇ ಗ್ಲೈಡರಿನಲ್ಲಿ 44,255 ಅಡಿ ತಲುಪಿದರು. ಅದೇ ಎಡ್ಗರ್ 1955ರ ಏಪ್ರಿಲಿನಲ್ಲಿ ರೋಟರಿಗೆ ಸಿಕ್ಕ. ಗ್ಲೈಡರು ಗಾಳಿಯಲ್ಲೇ ಚೂರುಚೂರಾಯಿತು. ಪ್ಯಾರಾಚೂಟ್ ಇದ್ದದ್ದರಿಂದ ಬದುಕಿದ. ಗ್ಲೈಡರು ಪುಟ್ಟದು, ಅದಕ್ಕೇ ಒಡೆಯಿತು ಎನ್ನುವ ಹಾಗಿಲ್ಲ. 1966ರ ಮಾರ್ಚ್ 5ರಂದು ಜಪಾನಿನ ಫ್ಯೂಜಿ ಪರ್ವತದ ಗಾಳಿಮರೆಯಲ್ಲಿ ಬೋಯಿಂಗ್ 707 ಒಂದು ಮುರಿದುಬಿದ್ದು 124 ಜನ ಸತ್ತರು. ಆ ದಿನ ಆಕಾಶ ತಿಳಿಯಾಗಿತ್ತು.

ಅಲೆಗಳ ಮೇಲೆ ದೂರ ಹೋಗುವವರೂ ಇದ್ದಾರೆ. ಕ್ಲಾಸ್ ಓಲ್ಮನ್ 2003ರಲ್ಲಿ ಆಂಡೀಸ್ ಗುಂಟ ಒಂದೇ ಹಗಲಿನಲ್ಲಿ ಮೂರು ಸಾವಿರ ಕಿಲೋಮೀಟರ್ ದಾಟಿದ. ಎತ್ತರದ ಕತೆ ಮುಂದುವರಿದದ್ದೂ ಆಂಡೀಸ್‌ನಲ್ಲೇ, ಅರ್ಜೆಂಟೀನಾದ ಎಲ್ ಕಲಫಾತೆಯಲ್ಲಿ. ಅಲ್ಲಿನ ಬೆಟ್ಟಗಳೇನೂ ಹಿಮಾಲಯವಲ್ಲ, ಹೆಸರಾದ ಫಿಟ್ಜ್‌ರಾಯ್ ಶಿಖರವೂ 3,405 ಮೀಟರ್ ಅಷ್ಟೇ. ಆದರೆ ಚಳಿಗಾಲದಲ್ಲಿ ಧ್ರುವದ ಸುತ್ತ ಸುತ್ತುವ ಬಿರುಸುಗಾಳಿ ಅಲ್ಲಿಯವರೆಗೆ ಚಾಚುತ್ತದೆ. ಮೇಲೆ ಹೋದಂತೆ ಗಾಳಿಯ ವೇಗ ಕುಗ್ಗದೆ ಹೆಚ್ಚುವುದರಿಂದ ಬೆಟ್ಟದ ಅಲೆ ಸ್ಟ್ರಾಟೋಸ್ಫಿಯರಿನೊಳಕ್ಕೂ ನುಗ್ಗುತ್ತದೆ. ಗಾಳಿ ತೆಳುವಾದಷ್ಟೂ ಅಲೆ ದೊಡ್ಡದಾಗುತ್ತದೆ. ಸಾಂದ್ರತೆ ಇಪ್ಪತ್ತನೇ ಒಂದು ಪಾಲಾದರೆ ಅಲೆಯ ಎತ್ತರ ನಾಲ್ಕು ಪಟ್ಟಿಗೂ ಮಿಕ್ಕಿ ಬೆಳೆಯಬಲ್ಲದು. 2006ರಲ್ಲಿ ಸ್ಟೀವ್ ಫಾಸೆಟ್ ಮತ್ತು ಐನಾರ್ ಎನೆವೊಲ್ಡ್‌ಸನ್ ಅಲ್ಲಿ 15,460 ಮೀಟರ್ ಏರಿದರು. 2018ರ ಸೆಪ್ಟೆಂಬರ್ 2ರಂದು ಪರ್ಲನ್-2 ಎಂಬ ಗ್ಲೈಡರಿನಲ್ಲಿ ಜಿಮ್ ಪೇನ್, ಟಿಮ್ ಗಾರ್ಡ್‌ನರ್ 22 ಕಿಲೋಮೀಟರಿಗೂ ಮೇಲೆ ಹೋದರು. ಅಲ್ಲಿ ಪೈಲಟರ ಕೋಣೆಯ ಒತ್ತಡ ತಪ್ಪಿದರೆ ಮೈಯ ಶಾಖಕ್ಕೇ ಬಾಯೊಳಗಿನ ಎಂಜಲು ಕುದಿಯುತ್ತದೆ.

ಅವರನ್ನು ಎಳೆದದ್ದು ಎಗ್ರೆಟ್ ಎಂಬ ಒಂಟಿ ಎಂಜಿನ್ನಿನ, ಗ್ಲೈಡರಿನಂತೆ ಉದ್ದ ರೆಕ್ಕೆಯ ವಿಮಾನ. ಹೆಸರು ಕೇಳಿದರೆ ಇಂಗ್ಲಿಷಿನ ಬೆಳ್ಳಕ್ಕಿ ನೆನಪಾಗುತ್ತದೆ, ಆದರೆ ಅದು ಇ-ಸಿಸ್ಟಮ್ಸ್, ಗ್ರೋಬ್, ಗ್ಯಾರೆಟ್ ಎಂಬ ಮೂರು ಕಂಪನಿಗಳ ಹೆಸರು ಸೇರಿಸಿ ಹೊಸೆದದ್ದು. ಸಾಮಾನ್ಯ ಎಳೆತ ಆರೇಳು ನೂರು ಮೀಟರಿಗೆ ಮುಗಿಯುತ್ತದೆ. ಎಗ್ರೆಟ್ ಪರ್ಲನ್ನನ್ನು ಸುಮಾರು 13 ಕಿಲೋಮೀಟರ್ ಎತ್ತರದವರೆಗೆ, ಪ್ರಯಾಣಿಕ ಜೆಟ್‌ಗಳು ಹಾರುವುದಕ್ಕಿಂತಲೂ ಮೇಲೆ, ಎಳೆದುಕೊಂಡು ಹೋಗಿ ಬಿಟ್ಟಿತು.

ಬಿಟ್ಟ ಮೇಲೆ ಎಳೆದವನಿಗೆ ಇನ್ನೊಂದು ಕೆಲಸ ಬಾಕಿ. ಬಾರ್ಸೆಲೊನೆಟ್‌ನಂಥ ಕಡೆ ಸಾಲಿನಲ್ಲಿ ಇನ್ನೂ ಗ್ಲೈಡರುಗಳು ಕಾಯುತ್ತಿವೆ, ಬೇಗ ಇಳಿಯಬೇಕು. ಆದರೆ ಏರುವಾಗ ಕೆಂಡವಾದ ಸಿಲಿಂಡರುಗಳಿಗೆ ಒಮ್ಮೆಲೇ ತಣ್ಣನೆಯ ಗಾಳಿ ಬಡಿದರೆ ಬಿರುಕು ಬಿಟ್ಟಾವೆಂಬ ಭಯ. ಹಾಗಾಗಿ ಎಂಜಿನ್ನನ್ನು ಪೂರ್ತಿ ತಗ್ಗಿಸದೆ, ಮೆಲ್ಲಗೆ ಆರಿಸುತ್ತಾ, ಹಗ್ಗವನ್ನು ಬಾಲದ ಹಿಂದೆ ತೇಲಿಸಿಕೊಂಡು ಬರುತ್ತಾನೆ. ಬೇಲಿಯನ್ನೂ ಮರಗಳನ್ನೂ ದಾಟುವಾಗ ಅರವತ್ತು ಮೀಟರ್ ಹಿಂದೆ ಜೋತಾಡುವ ಉಂಗುರದ ನೆನಪಿರಬೇಕು. ಪಟ್ಟಿಗೆ ಬಂದಿಳಿದ ಮೇಲೆ ಸಹಾಯಕ ಓಡಿಬಂದು ಹಗ್ಗದ ತುದಿ ಎತ್ತಿಕೊಳ್ಳುತ್ತಾನೆ. ಗಂಟು ಸವೆದಿದೆಯೇ, ಕೊಂಡಿಯ ಬಣ್ಣ ಮುಂದಿನ ಗ್ಲೈಡರಿಗೆ ಸರಿಹೊಂದುವುದೇ ಎಂದು ನೋಡಿ, ಬಿಳಿಯದನ್ನು ಬಿಚ್ಚಿ ನೀಲಿಯದನ್ನು ಹಾಕುತ್ತಾನೆ.